ಆಡಿ ತಳ್ಳುಬಡಿಯ ಸೀರೆ

ಆಡಿ ತಿಂಗಳು ಬಂತೆಂದರೆ ನಮ್ಮ ಮಾರ್ಕಯನ್‌ಕೋಟ್ಟೈಯಲ್ಲಿ ಎರಡು ಗದ್ದಲ. ಒಂದು, ಶನಿವಾರ ಶನಿವಾರವೂ ಕುಚ್ಚನೂರಿನ ಶನೀಶ್ವರನ ಗುಡಿಗೆ ಹೋಗಿಬರುವ ಜನರದ್ದು. ಇನ್ನೊಂದು ತಳ್ಳುಬಡಿಯದ್ದು. ಆಡಿಯಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಜವುಳಿ ಅಂಗಡಿಗೆ ಯಾರು ಹೋಗಬೇಕು? ಅದಕ್ಕೇ ಅಂಗಡಿಯೇ ನಮ್ಮ ಬಾಗಿಲಿಗೆ ಬರುತ್ತದೆ. ಪೇಪರಿನ ಮಡಿಕೆಯೊಳಗೆ ಬಣ್ಣದ ಚೀಟಿ, ಬೀದಿಯಲ್ಲಿ ಆಟೋ ಮೇಲೆ ಮೈಕು, ಬಸ್ ನಿಲ್ದಾಣದಲ್ಲಿ ಬ್ಯಾನರು. 20 ಪರ್ಸೆಂಟು, 35 ಪರ್ಸೆಂಟು, ಒಂದು ಕೊಂಡರೆ ಒಂದು ಫ್ರೀ.

ವಾಚನಾಲಯದವರು ಈ ಸಂಕಲನಕ್ಕೆ ಯಾವುದಾದರೂ ಪುಸ್ತಕದ ವಿಮರ್ಶೆ ಬರೆದುಕೊಡಿ ಅಂತ ಕೇಳಿದ್ದರು. ಪುಸ್ತಕದ ಬದಲು ನಾನು ಒಂದು ಬೆಲೆಚೀಟಿಯನ್ನು ಎತ್ತಿಕೊಂಡಿದ್ದೇನೆ. ಅಂಗೈಯಷ್ಟೂ ಇಲ್ಲದ ರಟ್ಟಿನ ಚೂರು ಅದು, ಸೀರೆಯ ಮೂಲೆಗೆ ದಾರದಿಂದ ಕಟ್ಟಿದ್ದು. ನಮ್ಮಲ್ಲಿ ಕಥೆ ಕವಿತೆ ಓದದವರು ಇದ್ದಾರೆ, ಬೆಲೆಚೀಟಿ ಓದದವರು ಯಾರೂ ಇಲ್ಲ. ಇಷ್ಟು ಜನ ಓದುವ ಬರಹವನ್ನು ಯಾರೂ ವಿಮರ್ಶೆ ಮಾಡಿಲ್ಲವಲ್ಲ ಅನ್ನುವುದು ನನ್ನ ತಕರಾರು.

ಚೀಟಿ ನನ್ನ ಕೈಗೆ ಬಂದದ್ದು ಹೀಗೆ. ನನ್ನ ಸೋದರಮಾವನ ಮನೆ ಚಿನ್ನಾಳಪಟ್ಟಿ, ದಿಂಡುಕ್ಕಲ್‌ನಿಂದ ಮದುರೆಗೆ ಹೋಗುವ ದಾರಿಯಲ್ಲಿ, ಗಾಂಧಿಗ್ರಾಮದ ಪಕ್ಕದಲ್ಲಿ. ಸುಂಗುಡಿ ಸೀರೆಗೂ, ಚಿನ್ನಾಳಪಟ್ಟು ಅನ್ನುವ ಮಿನುಗುವ ಸೀರೆಗೂ ಹೆಸರಾದ ಊರು. ಮಾವ ತೀರಿಕೊಂಡ ಮೇಲೂ ಅತ್ತೆ ಮಗ್ಗ ಬಿಟ್ಟಿಲ್ಲ. ಹೋದ ವರ್ಷ ಅವರ ಮೊಮ್ಮಗಳ ಮದುವೆ ಗೊತ್ತಾಯಿತು. ಆವಣಿಯಲ್ಲಿ ಮದುವೆ, ಆಡಿಯಲ್ಲಿ ತಳ್ಳುಬಡಿ. ಕೊಡುವ ಸೀರೆಗಳನ್ನು ಆಡಿಯಲ್ಲೇ ತೆಗೆದಿಟ್ಟರೆ ನಾಲ್ಕು ಕಾಸು ಉಳಿಯುತ್ತದೆ ಅಂತ ನಾನೇ ಅತ್ತೆಯನ್ನು ಒಂದು ದೊಡ್ಡ ಪೇಟೆಯ ದೊಡ್ಡ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯ ಹೆಸರು ಬೇಡ.

ಎರಡನೇ ಮಹಡಿ, ಹತ್ತಿ ಸೀರೆಯ ವಿಭಾಗ. ಹುಡುಗಿ ಹತ್ತಿಪ್ಪತ್ತು ಸೀರೆ ಬಿಡಿಸಿ ಹಾಕಿದಳು. ಅತ್ತೆ ಒಂದು ಹಸಿರು ಸೀರೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಸುಮ್ಮನಾಗಿಬಿಟ್ಟರು. ಬೆಳಕಿಗೆ ಹಿಡಿದರು, ತಿರುಗಿಸಿದರು. ಆಮೇಲೆ ಮೆಲ್ಲಗೆ, “ಇದು ನಂದು ಕಣಮ್ಮ” ಅಂದರು.

ನಾನು ನಂಬಲಿಲ್ಲ. “ಒಂದೇ ಥರದ್ದು ಎಷ್ಟು ಜನ ನೇಯ್ತಾರೆ ಅತ್ತೆ” ಅಂದೆ.

“ಪಂಗುನಿಯಲ್ಲಿ ಎಡ ಭುಜ ನೋಯ್ತಿತ್ತಲ್ಲ. ಎಡಗಡೆ ಹೊಡೆತ ಸಡಿಲ ಬಿದ್ದಿದೆ ನೋಡು, ಒಂದು ಮೊಳದಷ್ಟು. ಧನಿ ಅದಕ್ಕೇ ಕೂಲಿಯಲ್ಲಿ ಹಿಡಿದುಕೊಂಡರು.”

ಬೆರಳಿಟ್ಟು ನೋಡಿದರೆ ಹೌದು, ಅಲ್ಲಿ ಹೊಕ್ಕು ಸ್ವಲ್ಪ ತೆಳುವು. ನನ್ನ ಕಣ್ಣಿಗೆ ಕಾಣದ್ದು, ಕೊಳ್ಳುವವರ ಕಣ್ಣಿಗಂತೂ ಕಾಣುವುದೇ ಇಲ್ಲ. ಚೀಟಿಯಲ್ಲಿ ಹೀಗಿತ್ತು: ಮೇಲೆ ಅಂಗಡಿಯ ಹೆಸರು, ಕೆಳಗೆ ‘ಡಿಸೈನರ್ ಕಲೆಕ್ಷನ್’, ಅದರ ಕೆಳಗೆ ₹2,990, ಅದಕ್ಕೆ ಅಡ್ಡಗೆರೆ, ಪಕ್ಕದಲ್ಲಿ ಕೆಂಪಕ್ಷರದಲ್ಲಿ 35 ಪರ್ಸೆಂಟು ತಳ್ಳುಬಡಿ. ಅತ್ತೆಗೆ ಆ ಸೀರೆಗೆ ಬಂದ ಕೂಲಿಯನ್ನು ಇಲ್ಲಿ ಬರೆಯುವುದು ಅವರಿಗೆ ಇಷ್ಟವಿಲ್ಲ. ಧನಿಯ ಮುಂದೆ ನಾಳೆಯೂ ಹೋಗಿ ನಿಲ್ಲಬೇಕು. ಹಾಗಾಗಿ ಮುಂದಿನ ಲೆಕ್ಕದಲ್ಲಿ ಚೀಟಿಯ ಅಂಕೆಯನ್ನು ಬಿಟ್ಟು ಉಳಿದವೆಲ್ಲ ನಾನು ವಿವರಿಸುವುದಕ್ಕೆ ಹಾಕಿಕೊಂಡ ಅಂಕೆಗಳು. ಲೆಕ್ಕದ ದಾರಿ ಮಾತ್ರ ವ್ಯಾಪಾರದಲ್ಲಿ ನಡೆಯುವಂಥದ್ದೇ.

ನೂಲು, ಬಣ್ಣಕ್ಕೆ ₹350 ಅನ್ನಿ. ನೇಯ್ಗೆ ಕೂಲಿ, ಹಾಸು ಮಾಡುವುದು, ಗಂಜಿ ಹಾಕುವುದು, ಕಂಡಿಕೆ ಸುತ್ತುವುದು ಎಲ್ಲ ಸೇರಿ ₹350. ಒಟ್ಟು ₹700. ನೂಲು ಕೊಟ್ಟು ಸೀರೆ ತೆಗೆದುಕೊಳ್ಳುವ ಧನಿ ಇದರ ಮೇಲೆ ನೂರಕ್ಕೆ ಇಪ್ಪತ್ತು ಇಡುತ್ತಾನೆ: ₹840. ಸಗಟು ವ್ಯಾಪಾರಿ ನೂರಕ್ಕೆ ಹದಿನೈದು: ₹966. ಅಂಗಡಿಯವನು ಕೊಂಡ ಬೆಲೆಗೆ ಎರಡರಷ್ಟು ಮಾಡುತ್ತಾನೆ. ಬಟ್ಟೆ ವ್ಯಾಪಾರದಲ್ಲಿ ಈ ಎರಡರಷ್ಟು ಲೋಕದ ಎಲ್ಲ ಕಡೆ ಹಳೆಯ ರೂಢಿ. ₹1,932 ಆಯಿತು. ತೆರಿಗೆಯನ್ನು ಪಕ್ಕಕ್ಕಿಡೋಣ. ಈಗ ಆ ₹2,990ನ್ನು ತೆಗೆದುಕೊಂಡು 35 ಪರ್ಸೆಂಟು ಕಳೆಯಿರಿ. ₹1,943.50 ಬರುತ್ತದೆ. ಅಂದರೆ ಅಂಗಡಿಯವನಿಗೆ ಮೊದಲೇ ಬೇಕಾಗಿದ್ದ ಬೆಲೆ ಇದೇ. ತಳ್ಳಿದ್ದೂ ಇಲ್ಲ, ಬಡಿದದ್ದೂ ಇಲ್ಲ. ಮೊದಲು ಮೇಲಕ್ಕೆ ಹತ್ತಿಸಿ, ಆಮೇಲೆ ನಮ್ಮ ಎದುರಿಗೇ ಇಳಿಸಿ ತೋರಿಸಿದ್ದು. ಅದರಲ್ಲಿ ಕೂಲಿಯ ಪಾಲು ನೂರಕ್ಕೆ ಹದಿನೆಂಟು.

ಇಲ್ಲಿವರೆಗಿನ ಲೆಕ್ಕ ನಿಮಗೆ ಹೊಸದಲ್ಲ. “ಎಲ್ಲಾ ಏರಿಸಿ ಇಳಿಸೋದೇ” ಅಂತ ಟೀ ಅಂಗಡಿಯಲ್ಲಿ ಯಾರಾದರೂ ಹೇಳುತ್ತಲೇ ಇರುತ್ತಾರೆ. ನಾನು ಹೇಳಬೇಕೆಂದಿರುವುದು ಇದರ ಮುಂದಿನದು. ಅತ್ತೆ ಧನಿಯ ಬಳಿ ಹೋಗಿ, ಒಂದು ಸೀರೆಗೆ ಐವತ್ತು ರೂಪಾಯಿ ಹೆಚ್ಚು ಕೊಡಿ ಅಂತ ಕೇಳುತ್ತಾರೆ ಅನ್ನಿ. ಎಲ್ಲರೂ ತಮ್ಮ ತಮ್ಮ ಪರ್ಸೆಂಟನ್ನು ಹಾಗೇ ಇಟ್ಟುಕೊಂಡರೆ ₹750 ಹೋಗಿ ₹900 ಆಗುತ್ತದೆ, ₹900 ಹೋಗಿ ₹1,035, ಅದರ ಎರಡರಷ್ಟು ₹2,070. ಮೊದಲು ₹1,932 ಇತ್ತು. ಕೊಳ್ಳುವವರಿಗೆ ಏರಿದ್ದು ₹138. ಅತ್ತೆಗೆ ಸಿಕ್ಕಿದ್ದು ₹50. ಮಿಕ್ಕ ₹88 ಯಾರೂ ಒಂದು ಎಳೆ ನೂಲನ್ನೂ ಹೆಚ್ಚಾಗಿ ಮುಟ್ಟದೆ ಮಧ್ಯದಲ್ಲೇ ಹುಟ್ಟಿಕೊಂಡದ್ದು. ಅಂಗಡಿಯವನು ಹೇಳುತ್ತಾನೆ: “ಗಿರಾಕಿ ನೂರ ಮೂವತ್ತೆಂಟು ಹೆಚ್ಚು ಕೊಡಲ್ಲ, ಕೂಲಿ ಏರಿಸೋಕೆ ಆಗಲ್ಲ.” ಅವನ ಮಾತು ಸುಳ್ಳೇನಲ್ಲ. ಆದರೆ ಐವತ್ತನ್ನು ನೂರ ಮೂವತ್ತೆಂಟು ಮಾಡಿದವರು ಯಾರು ಅನ್ನುವುದನ್ನು ಅವನು ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ನಾನು ಮೂವತ್ತು ವರ್ಷ ಶಾಲೆಯಲ್ಲಿ ಲಾಭ-ನಷ್ಟದ ಲೆಕ್ಕ ಕಲಿಸಿದವಳು. ‘ನಮೂದಿಸಿದ ಬೆಲೆ ಇಷ್ಟು, ಸೋಡಿ ಇಷ್ಟು, ಮಾರಿದ ಬೆಲೆ ಎಷ್ಟು?’ ಸಾವಿರ ಸಲ ಹಲಗೆ ಮೇಲೆ ಬರೆದಿದ್ದೇನೆ. ನಮೂದಿಸಿದವರು ಯಾರು, ಯಾವ ಆಧಾರದ ಮೇಲೆ ಅಂತ ಒಂದು ಮಗುವೂ ಕೇಳಲಿಲ್ಲ. ಕೇಳಬೇಕು ಅಂತ ನನಗೂ ಹೊಳೆಯಲಿಲ್ಲ. ಮೇಷ್ಟ್ರುಗಳೇ, ಟೀಚರಮ್ಮಗಳೇ, ಇದನ್ನು ಓದುತ್ತಿದ್ದರೆ ಮುಂದಿನ ವಾರ ಏಳನೇ ತರಗತಿಯಲ್ಲಿ ಆ ಐವತ್ತು ರೂಪಾಯಿಯ ಲೆಕ್ಕವನ್ನು ಕೊಟ್ಟು ನೋಡಿ. ನಮ್ಮ ಮಕ್ಕಳಲ್ಲಿ ಎಷ್ಟೋ ಜನರ ಅಜ್ಜಿ ಮನೆಯಲ್ಲಿ ಮಗ್ಗ ಇದೆ.

ಚೀಟಿಯ ಎರಡನೇ ಸಾಲಿಗೆ ಬರೋಣ: ‘ಡಿಸೈನರ್ ಕಲೆಕ್ಷನ್’. ಈ ಮಾತು ನನ್ನನ್ನು ಬೆಲೆಗಿಂತ ಹೆಚ್ಚು ಕೆಣಕಿತು. ಆ ಹಸಿರು ಸೀರೆಗೆ ಕೆಂಪು ಅಂಚು. ಧನಿ ಫೋನಿನಲ್ಲಿ ಯಾರೋ ಕಳಿಸಿದ ಫೋಟೋ ತೋರಿಸಿ, ಹೀಗೇ ಬೇಕು ಅಂದಿದ್ದರಂತೆ. ಅತ್ತೆ ಹಾಸು ಏರಿಸಿ ನಾಲ್ಕು ಬೆರಳಗಲ ನೇಯ್ದು ನೋಡಿದರೆ ಹಸಿರೂ ಕೆಂಪೂ ಪಕ್ಕಪಕ್ಕ ಕೂತು ಕಣ್ಣಿಗೆ ಹೊಡೆಯುತ್ತಿತ್ತು. ಬಿಚ್ಚಿ, ಎರಡರ ನಡುವೆ ಎರಡೇ ಎರಡು ಕಪ್ಪೆಳೆ ಸೇರಿಸಿದರು. ಬಣ್ಣ ತಣ್ಣಗಾಯಿತು. ಧನಿ ಮೊದಲು ಗೊಣಗಿದರು, ಆಮೇಲೆ ಮುಂದಿನ ಎಲ್ಲ ಮಗ್ಗಗಳಿಗೂ “ಆ ಕಪ್ಪುಗೆರೆ ಇರಲಿ” ಅಂತ ಹೇಳಿ ಕಳಿಸಿದರು. ಆ ಎರಡೆಳೆಗೆ ಅತ್ತೆಗೆ ಒಂದು ಪೈಸೆ ಬಂದಿಲ್ಲ. ಬರಬೇಕು ಅಂತ ಅವರು ಅಂದುಕೊಂಡೂ ಇಲ್ಲ. ಪೇಟೆಯಲ್ಲಿ ಕಾಗದದ ಮೇಲೆ ಗೆರೆ ಎಳೆದರೆ ಅದು ವಿನ್ಯಾಸ; ಮಗ್ಗದ ಮೇಲೆ ಎಳೆ ಸೇರಿಸಿದರೆ ಅದು ಕೂಲಿ. ಉದ್ಯಮ ಪೂರ್ತಿ ನಿಂತಿರುವುದು ಈ ವಿಂಗಡಣೆಯ ಮೇಲೆ.

ಇದು ಎಲ್ಲಿಂದ ಬಂತು ಅಂತ ನೋಡಿದರೆ ಪ್ಯಾರಿಸ್ಸಿಗೆ ಹೋಗಬೇಕಾಗುತ್ತದೆ. ಮೊದಲೆಲ್ಲ ಅಲ್ಲೂ ನಮ್ಮ ಹಾಗೇ: ಸಿರಿವಂತ ಹೆಂಗಸು ಬಟ್ಟೆ ಆರಿಸಿ, ಹೀಗೆ ಹೊಲಿ ಅಂತ ದರ್ಜಿಗೆ ಹೇಳಬೇಕು. 1858ರಲ್ಲಿ ಚಾರ್ಲ್ಸ್ ಫ್ರೆಡರಿಕ್ ವರ್ತ್ ಅನ್ನುವ ಇಂಗ್ಲಿಷಿನವನು ಅಲ್ಲಿ ಅಂಗಡಿ ತೆರೆದು ಇದನ್ನು ತಿರುಗಿಸಿಬಿಟ್ಟ. ಏನು ಉಡಬೇಕೆಂದು ತಾನೇ ಗೊತ್ತುಮಾಡಿ, ಬದುಕಿರುವ ಹುಡುಗಿಯರಿಗೆ ತೊಡಿಸಿ ತೋರಿಸಿ, ಒಳಗೆ ತನ್ನ ಹೆಸರಿನ ಪಟ್ಟಿ ಹೊಲಿಸಿದ. ಅಲ್ಲಿಂದ ಬಟ್ಟೆಗೆ ಎರಡು ಬೆಲೆ ಆಯಿತು, ಬಟ್ಟೆಯದೊಂದು, ಹೆಸರಿನದೊಂದು. ಅವನು ಒಳ್ಳೆಯ ಕೆಲಸಗಾರ ಅನ್ನುವುದರಲ್ಲಿ ಅನುಮಾನ ಇಲ್ಲ. ಆದರೆ ಸೂಜಿ ಹಿಡಿದವರ ಹೆಸರು ಆ ಪಟ್ಟಿಯಲ್ಲಿ ಬರಲಿಲ್ಲ. ಅದಕ್ಕೂ ಮುಂಚೆಯೇ, 1804ರಲ್ಲಿ, ಫ್ರಾನ್ಸಿನ ಜಕಾರ್ಡ್ ಅನ್ನುವವನು ರಟ್ಟಿಗೆ ತೂತು ಹೊಡೆದು ಬುಟ್ಟಾ ನೇಯಿಸುವ ಯಂತ್ರ ಮಾಡಿದ್ದ; ಇವತ್ತು ನಮ್ಮ ಕಡೆಯ ಮಗ್ಗದ ನೆತ್ತಿಯ ಮೇಲೆ ಕೂತಿರುವುದು ಅದೇ. ಆ ರಟ್ಟು ಬಂದ ಮೇಲೆ ವಿನ್ಯಾಸ ನೇಯುವವರ ತಲೆಯಿಂದ ಹೊರಗೆ ಬಂದು, ಕೈಯಲ್ಲಿ ಹಿಡಿದು ಮಾರಬಹುದಾದ ಸಾಮಾನಾಯಿತು.

ಆಮೇಲೆ ಉದ್ಯಮ ಬೆಳೆದ ರೀತಿಯನ್ನು ಎರಡು ಮಾತಲ್ಲಿ ಮುಗಿಸುತ್ತೇನೆ. ವರ್ಷಕ್ಕೆರಡು ಕಾಲ ಅಂತ ಹೊಸ ಬಟ್ಟೆ ತೋರಿಸುತ್ತಿದ್ದವರು ವಾರಕ್ಕೊಂದು ಸಲ ತೋರಿಸತೊಡಗಿದರು. 1975ರಲ್ಲಿ ಸ್ಪೇನಿನ ಲಾ ಕೊರುನ್ಯ ಊರಲ್ಲಿ ಶುರುವಾದ ಝಾರಾ ಇದನ್ನು ಲೋಕಕ್ಕೆಲ್ಲ ಕಲಿಸಿತು: ಸ್ವಲ್ಪವೇ ಮಾಡು, ಬೇಗ ಮಾಡು, ಖಾಲಿಯಾಗುವ ಮೊದಲೇ ಬೇರೆ ತಾ. ನೋಡುವುದಕ್ಕೆ ಜಾಣತನವೇ. ಆದರೆ ಬೇಗ ಅನ್ನುವ ಮಾತು ಮೇಲಿನವರ ಬಾಯಲ್ಲಿ ಹುಟ್ಟಿ ಕೆಳಗಿನವರ ಬೆನ್ನ ಮೇಲೆ ಬೀಳುತ್ತದೆ. ಬಾಂಗ್ಲಾದೇಶದ ರಾಣಾ ಪ್ಲಾಜಾ ಕಟ್ಟಡದಲ್ಲಿ ಬಿರುಕು ಕಂಡದ್ದು 2013ರ ಏಪ್ರಿಲ್ 23ರಂದು. ಮಾರನೇ ದಿನವೂ ಹೊಲಿಗೆಯವರನ್ನು ಒಳಗೆ ಕರೆದರು. ಕಟ್ಟಡ ಕುಸಿದು 1,134 ಜನ ಸತ್ತರು. ಅವರು ಹೊಲಿಯುತ್ತಿದ್ದದ್ದು ದೂರದ ದೇಶಗಳ ಹೆಸರಾಂತ ಅಂಗಡಿಗಳಿಗೆ. ಅಲ್ಲಿ ಬೆಲೆ ಕಟ್ಟುವುದು ಕೆಳಗಿಂದ ಮೇಲಕ್ಕಲ್ಲ, ಮೇಲಿಂದ ಕೆಳಕ್ಕೆ. ಈ ಅಂಗಿ ಇಷ್ಟಕ್ಕೆ ಮಾರಬೇಕು ಅಂತ ಮೊದಲು ಗೊತ್ತುಮಾಡುತ್ತಾರೆ. ಅಂಗಡಿಯ ಪಾಲು, ಜಾಹೀರಾತಿನ ಪಾಲು, ಹಡಗಿನ ಪಾಲು ಕಳೆಯುತ್ತಾರೆ. ಉಳಿದದ್ದರಲ್ಲಿ ಯಾರು ಹೊಲಿದು ಕೊಡುತ್ತೀರಿ ಅಂತ ಕೇಳುತ್ತಾರೆ. ಬಟ್ಟೆಯ ದರ, ದಾರದ ದರ ಪೇಟೆಯಲ್ಲಿ ಇದ್ದದ್ದೇ. ಹಿಂಡಿದರೆ ಇಳಿಯುವುದು ಕೂಲಿ ಒಂದೇ.

ದೂರದ ಮಾತು ಯಾಕೆ, ನಮ್ಮ ಕಣಿವೆಯಿಂದ ತಿರುಪ್ಪೂರಿಗೆ ಹೋದವರನ್ನು ಕೇಳಿ. ಅಲ್ಲಿ ಒಂದು ಬನಿಯನ್ನು ಒಂದೇ ಸೂರಿನಡಿ ಆಗುವುದಿಲ್ಲ. ಹೆಣೆಯುವುದು ಒಂದು ಕಡೆ, ಬಣ್ಣ ಒಂದು ಕಡೆ, ಕತ್ತರಿಸುವುದು ಒಂದು ಕಡೆ, ಹೊಲಿಗೆ, ಚೆಕ್ಕಿಂಗ್, ಇಸ್ತ್ರಿ ಮತ್ತೊಂದು ಕಡೆ. ಒಬ್ಬೊಬ್ಬರಿಗೂ ಪೀಸಿಗಿಷ್ಟು. ಯಾರಿಗೂ ಪೂರ್ತಿ ಬಟ್ಟೆ ಕಾಣುವುದಿಲ್ಲ, ಹಾಗಾಗಿ ಪೂರ್ತಿ ಬೆಲೆಯೂ ಕಾಣುವುದಿಲ್ಲ. ಬಣ್ಣದ ನೀರು ನೊಯ್ಯಲ್ ನದಿಗೆ ಹರಿದು ಒರತ್ತುಪ್ಪಾಳಯಂ ಅಣೆಕಟ್ಟಿನ ಕೆಳಗಿನ ಹೊಲಗಳು ಕೆಟ್ಟವು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಅಲ್ಲಿನ ಬಣ್ಣದ ಕಾರ್ಖಾನೆಗಳನ್ನು ಮುಚ್ಚಲು ಹೇಳಿತು. ಅಷ್ಟು ವರ್ಷ ಆ ಅಂಗಿಗಳು ಅಷ್ಟು ಸಸ್ತಾ ಆಗಿದ್ದದ್ದರಲ್ಲಿ ರೈತರ ಪಾಲೂ ಇತ್ತು ಅಂತ ಆಗ ಗೊತ್ತಾಯಿತು. ಯಾವ ಚೀಟಿಯಲ್ಲೂ ಅದು ಅಚ್ಚಾಗಿರಲಿಲ್ಲ.

ಮತ್ತೆ ಚೀಟಿಗೆ. ಬೆಲೆಯಲ್ಲಿ ಅಂಕೆಗಳು ಯಾಕೆ ಯಾವಾಗಲೂ 99, 90 ಅಂತಲೇ ಮುಗಿಯುತ್ತವೆ? ಕಣ್ಣಿಗೆ ಕಡಿಮೆ ಕಾಣಲಿ ಅಂತ, ಅದು ಸರಿ. ಇನ್ನೊಂದು ಕಾರಣ ತೆರಿಗೆ. ಹೊಲಿದ ಬಟ್ಟೆಗೆ ₹1,000ದವರೆಗೆ 5 ಪರ್ಸೆಂಟು ಜಿಎಸ್‌ಟಿ, ಮೇಲೆ ಹೋದರೆ 12 ಇತ್ತು. ₹999ರ ಚೂಡಿದಾರುಗಳು ಅಷ್ಟೊಂದು ಇದ್ದದ್ದು ಸುಮ್ಮನೆ ಅಲ್ಲ. 2025ರ ಸೆಪ್ಟೆಂಬರ್ 22ರಿಂದ ಆ ಗಡಿ ₹2,500ಕ್ಕೆ ಸರಿಯಿತು. ಅದರ ಮೇಲೆ 18 ಪರ್ಸೆಂಟು. ಇನ್ನು ₹2,499ರ ಚೀಟಿಗಳು ಎಷ್ಟು ಹುಟ್ಟುತ್ತವೆ ನೋಡುತ್ತಿರಿ. ಬೆಲೆ ಅನ್ನುವುದು ಕಣ್ಣಿಗೂ ಕಾನೂನಿಗೂ ಹೆದರುತ್ತದೆ. ಮಗ್ಗಕ್ಕೆ ಹೆದರಿದ್ದನ್ನು ನಾನು ಕಂಡಿಲ್ಲ.

ಇದೇ ಸೆಪ್ಟೆಂಬರ್ 22ರಂದು, 1921ರಲ್ಲಿ, ಮದುರೆಯ ಮೇಲಮಾಸಿ ಬೀದಿಯ ಮನೆಯೊಂದರಲ್ಲಿ ಗಾಂಧಿ ಅಂಗಿ, ಟೋಪಿ ಬಿಟ್ಟು ತುಂಡು ಪಂಚೆ ಉಟ್ಟರು. ನಮ್ಮ ಶಾಲೆಗಳಲ್ಲಿ ಇದನ್ನು ತ್ಯಾಗದ ಕಥೆಯಾಗಿ ಹೇಳುತ್ತೇವೆ. ಅದರೊಳಗೆ ಬೆಲೆಯ ಕಥೆಯೂ ಇದೆ. ವಿದೇಶಿ ಬಟ್ಟೆ ಬಿಡಿ ಅಂದಾಗ ಬಡವರು, ಖಾದಿ ಕೊಳ್ಳುವಷ್ಟು ದುಡ್ಡು ನಮ್ಮ ಬಳಿ ಎಲ್ಲಿದೆ ಅಂದಿದ್ದರು. ಅದಕ್ಕೆ ಅವರು ಖಾದಿಯ ಬೆಲೆ ಇಳಿಸಿ ಅಂತ ನೂಲುವವರಿಗೆ ಹೇಳಲಿಲ್ಲ; ತಮ್ಮ ಮೈಮೇಲಿನ ಬಟ್ಟೆಯನ್ನೇ ಕಡಿಮೆ ಮಾಡಿಕೊಂಡರು. ನಾವು ಇವತ್ತು ಆ ದಾರಿ ಹಿಡಿಯಬೇಕೆಂದು ನಾನು ಹೇಳುವುದಿಲ್ಲ. ಮೂರು ಸೀರೆಯಲ್ಲಿ ವರ್ಷ ಕಳೆದ ಅಮ್ಮನ ಮಗಳು ನಾನು, ಈಗ ನನ್ನ ಬೀರುವಿನಲ್ಲಿ ಜಾಗ ಇಲ್ಲ.

ಅಂಗಡಿಯವರ ಪರವಾಗಿಯೂ ಮಾತಾಡಬೇಕು, ಇಲ್ಲಾಂದ್ರೆ ಇದು ವಿಮರ್ಶೆ ಆಗಲ್ಲ, ಬೈಗುಳ ಆಗುತ್ತೆ. ಬಾಡಿಗೆ, ಕರೆಂಟು, ಸಂಬಳ, ಜಾಹೀರಾತು ಎಲ್ಲ ಖರ್ಚೇ. ತಂದ ಸೀರೆಯೆಲ್ಲ ಮಾರಿಹೋಗುವುದಿಲ್ಲ. ದೀಪಾವಳಿಗೆ ಹೊಸ ಸರಕು ಬರುವ ಮೊದಲು ಹಳೆಯದು ಹೋಗಬೇಕು, ಅದಕ್ಕೇ ಆಡಿ. ಎರಡರಷ್ಟು ಇಡುವುದು ಈ ನಷ್ಟಕ್ಕೆ ಅಂಜಿ, ಅನ್ನುತ್ತಾರೆ. ಒಪ್ಪೋಣ. ಆದರೆ ಆ ನಷ್ಟ ನಿಜವಾಗಿ ಯಾರ ಪಾಲಿಗೆ ಬರುತ್ತದೆ? ಎಷ್ಟೋ ಅಂಗಡಿಗಳು ಸೀರೆಯನ್ನು ಸಾಲಕ್ಕೆ ತರುತ್ತವೆ, ಮಾರಿದ ಮೇಲೆ ದುಡ್ಡು. ಮಾರದಿದ್ದದ್ದು ಮೂಟೆ ಕಟ್ಟಿಕೊಂಡು ಧನಿಯ ಮನೆಗೆ ವಾಪಸು. ಧನಿ ಕೋಣೆ ತುಂಬಿದ ಸೀರೆ ತೋರಿಸಿ, ಈ ತಿಂಗಳು ಹಾಸು ಇಲ್ಲ, ಹೋಗಿ ಬಾ ಅನ್ನುತ್ತಾನೆ. ಮಗ್ಗ ಖಾಲಿ. ಅಂಜಿಕೆಯ ದುಡ್ಡು ಮೇಲೆ ಉಳಿಯಿತು, ಅಂಜಿದ್ದು ಕೆಳಗೆ ಬಂತು. ಅತ್ತೆಯ ಮನೆಯಲ್ಲಿ ಹೋದ ವರ್ಷ ಎರಡು ತಿಂಗಳು ಹಾಗೆ ಮಗ್ಗದ ಮೇಲೆ ಬರೀ ಬೆಕ್ಕು ಮಲಗುತ್ತಿತ್ತು.

ಆಗಸ್ಟ್ 7ಕ್ಕೆ ಕೈಮಗ್ಗ ದಿನ. 1905ರ ಸ್ವದೇಶಿ ಚಳವಳಿಯ ನೆನಪಿಗೆ 2015ರಿಂದ ಆಚರಿಸುತ್ತಾರೆ. ಅದೂ ಹೆಚ್ಚಾಗಿ ಆಡಿಯಲ್ಲೇ ಬರುತ್ತದೆ. ಭಾಷಣ ಮಾಡುವವರು ನಮಗೆ ಹೇಳುವುದು ಒಂದೇ ಮಾತು: ಕೈಮಗ್ಗ ಕೊಳ್ಳಿ, ನೇಕಾರರನ್ನು ಉಳಿಸಿ. ಆ ಭಾಷಣದಲ್ಲಿ ಪರ್ಸೆಂಟಿನ ಸುದ್ದಿ ಬರುವುದೇ ಇಲ್ಲ. ಕೊಂಡರೆ ಉಳಿಯುತ್ತಾರೆ ಅನ್ನುವುದಾದರೆ, ಕೊಂಡ ಸಾವಿರದ ಒಂಬೈನೂರರಲ್ಲಿ ನೂರಕ್ಕೆ ಹದಿನೆಂಟು ಮಾತ್ರ ಮಗ್ಗದ ಮನೆಗೆ ಹೋಗುತ್ತದೆ ಅನ್ನುವುದನ್ನು ಹೇಳಬೇಕಲ್ಲ? 2019-20ರ ಕೈಮಗ್ಗ ಗಣತಿಯಲ್ಲಿ ದೇಶದಲ್ಲಿ 35 ಲಕ್ಷಕ್ಕೂ ಹೆಚ್ಚು ಜನ ಈ ಕೆಲಸದಲ್ಲಿದ್ದರು, ಬಹುಪಾಲು ಹೆಂಗಸರು. ಮೂರು ಮನೆಯಲ್ಲಿ ಎರಡು ಮನೆಗೆ ತಿಂಗಳ ಆದಾಯ ₹5,000ಕ್ಕಿಂತ ಕಡಿಮೆ. ಭಾಷಣಕ್ಕೆ ಹೂಮಾಲೆ ತಂದವರ ದಿನಗೂಲಿ ಅದಕ್ಕಿಂತ ಮೇಲು.

ಕಾನೂನು ಇಲ್ಲ ಅಂತಲ್ಲ. 1985ರಲ್ಲೇ ಕೆಲವು ಬಗೆಯ ಬಟ್ಟೆಗಳು ಕೈಮಗ್ಗಕ್ಕೇ ಮೀಸಲು ಅಂತ ಕಾಯಿದೆ ಆಯಿತು. ಮೊದಲು 22 ಬಗೆ ಇತ್ತು, ಆಮೇಲೆ 11ಕ್ಕೆ ಇಳಿಯಿತು. ಮದುರೆ ಸುಂಗುಡಿಗೆ 2005ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಮದುರೆಯ ಸೌರಾಷ್ಟ್ರದವರು ಉಗುರಲ್ಲಿ ಬಟ್ಟೆ ಎತ್ತಿ ದಾರದಲ್ಲಿ ಗಂಟು ಕಟ್ಟಿ ಬಣ್ಣ ಅದ್ದುವ ಕೆಲಸ ಅದು. ಈಗ ಸುಂಗುಡಿ ಅಂತ ಪೇಟೆಯಲ್ಲಿ ಸಿಗುವುದರಲ್ಲಿ ಹೆಚ್ಚಿನದು ಮೇಣದ ಅಚ್ಚಿನದ್ದು, ಇಲ್ಲವೇ ಸ್ಕ್ರೀನ್ ಹಾಕಿದ್ದು. ಗುರುತು ಹೆಸರನ್ನು ಕಾಯುತ್ತದೆ, ಕೂಲಿಯನ್ನು ಕಾಯುವುದಿಲ್ಲ. ಕೋ-ಆಪ್‌ಟೆಕ್ಸ್ 1935ರಲ್ಲಿ ನೇಕಾರರ ಸಹಕಾರಿ ಸಂಘಗಳಿಗೆಂದೇ ಹುಟ್ಟಿದ್ದು, ಮಧ್ಯದವರನ್ನು ಕಡಿಮೆ ಮಾಡುವ ಉದ್ದೇಶ ಒಳ್ಳೆಯದು, ಅದರಿಂದ ಬದುಕಿದ ಮನೆಗಳು ಬಹಳ. ಆದರೆ ಅಲ್ಲೂ ದೀಪಾವಳಿಗೆ 30 ಪರ್ಸೆಂಟು ಬೋರ್ಡು ತೂಗುಹಾಕದೆ ಗಿರಾಕಿ ಮೆಟ್ಟಿಲು ಹತ್ತುವುದಿಲ್ಲ. ನೇಕಾರರ ಅಂಗಡಿಗೂ ತಳ್ಳುಬಡಿಯ ಭಾಷೆಯಲ್ಲೇ ಮಾತಾಡಬೇಕಾಗಿ ಬಂದಿದೆ ಅಂದರೆ ಆ ಭಾಷೆಯನ್ನು ಕಲಿಸಿದವರಲ್ಲಿ ನಾವೂ ಇದ್ದೇವೆ.

ವಿದ್ಯುತ್ ಮಗ್ಗದವರನ್ನು ಶತ್ರು ಮಾಡುವುದೂ ನನಗೆ ಸರಿ ಕಾಣುವುದಿಲ್ಲ. ಆಂಡಿಪಟ್ಟಿ ಕಡೆ ಸಕ್ಕಂಪಟ್ಟಿ, ಟಿ. ಸುಬ್ಬುಲಾಪುರಂನಲ್ಲಿ ಹಗಲು ರಾತ್ರಿ ಆ ಸದ್ದು ಕೇಳಿದವರಿಗೆ ಗೊತ್ತು, ಅಲ್ಲೂ ಕೂಲಿ ಪೀಸಿನ ಲೆಕ್ಕವೇ, ಒಪ್ಪಂದ ಮುಗಿದಾಗಲೆಲ್ಲ ಅವರೂ ಮಗ್ಗ ನಿಲ್ಲಿಸಿ ಕೂರಬೇಕು. ಕೈಯವನಿಗೂ ಕರೆಂಟಿನವನಿಗೂ ಬರುವ ಧನಿ ಕೆಲವು ಸಲ ಒಬ್ಬನೇ. ಮತ್ತು ಧನಿಗಳಲ್ಲಿ ಎಷ್ಟೋ ಜನ ನಮ್ಮವರೇ, ಮನೆಯಲ್ಲಿ ನಮ್ಮ ಹಾಗೇ ಕನ್ನಡ ಮಾತಾಡುವವರೇ, ಸೌಡೇಶ್ವರಿ ಹಬ್ಬಕ್ಕೆ ಒಟ್ಟಿಗೆ ಕೂತು ಉಣ್ಣುವವರೇ. ಒಂದೇ ಮನೆಮಾತು ಆಡಿದ ಮಾತ್ರಕ್ಕೆ ಲೆಕ್ಕ ಒಂದೇ ಆಗುವುದಿಲ್ಲ. ಇದನ್ನು ಬರೆದರೆ ಕೆಲವರಿಗೆ ಬೇಸರ ಆಗುತ್ತದೆ, ಆಗಲಿ.

ಹಾಗಾದರೆ ಏನು ಮಾಡಬೇಕು ಅಂತ ಕೇಳುವಿರಿ. ನನಗೆ ತಿಳಿದದ್ದು ಇಷ್ಟು. ಚೀಟಿಯಲ್ಲಿ ಅಂಗಡಿಯ ಬೆಲೆಯ ಕೆಳಗೆ ಕೂಲಿಯನ್ನೂ ಅಚ್ಚು ಹಾಕಲಿ. ಅಕ್ಕಿ ಮೂಟೆ ಮೇಲೆ ತೂಕ ಹಾಕುವುದಕ್ಕೆ ಆಗುತ್ತದಾದರೆ ಇದಕ್ಕೂ ಆಗುತ್ತದೆ. ಗರಿಷ್ಠ ಮಾರಾಟ ಬೆಲೆ ಅಚ್ಚು ಹಾಕಿ ಅಂತ ಕಾನೂನು ಹೇಳುತ್ತದೆ, ಆ ಗರಿಷ್ಠ ಹೇಗೆ ಬಂತು ಅಂತ ಹೇಳಿ ಅನ್ನುವುದಿಲ್ಲ. ಎರಡನೆಯದು, ಕೂಲಿ ಏರಿದಾಗ ಆ ಏರಿದ ದುಡ್ಡಿನ ಮೇಲೆ ಪರ್ಸೆಂಟು ಹಾಕದಿರುವುದು. ಐವತ್ತು ಏರಿದರೆ ಅಂಗಡಿಯಲ್ಲೂ ಐವತ್ತೇ ಏರಲಿ. ಅಷ್ಟನ್ನು ನಮ್ಮ ಊರಿನ ಯಾವ ಹೆಂಗಸೂ ಇಲ್ಲ ಅನ್ನುವುದಿಲ್ಲ. ಕರ್ನಾಟಕದ ಹೆಗ್ಗೋಡಿನಲ್ಲಿ ಹೆಂಗಸರ ಸಹಕಾರ ಸಂಘ, ಚರಕ, ತಾವೇ ನೇಯ್ದು ಬಣ್ಣ ಹಾಕಿ ಹೊಲಿದು ದೇಸಿ ಅಂಗಡಿಗಳ ಮೂಲಕ ಮಾರುವುದನ್ನು ಮಾಡಿತೋರಿಸಿದೆ. ಅವರಿಗೂ ಕಷ್ಟ ತಪ್ಪಿಲ್ಲ. 2017ರಲ್ಲಿ ಕೈ ಉತ್ಪನ್ನಗಳಿಗೆ ಜಿಎಸ್‌ಟಿ ಬೇಡ ಅಂತ ಅದರ ಹಿಂದಿನ ಪ್ರಸನ್ನ ಅವರು ಉಪವಾಸ ಕೂತಿದ್ದರು. ಮೇಲಿಂದ ಕೆಳಗಿನವರೆಗೆ ಒಂದೇ ಕಡೆ ಲೆಕ್ಕ ಇದ್ದರೆ ಎಲ್ಲಿ ಎಷ್ಟು ಹೋಯಿತು ಅಂತ ಕನಿಷ್ಠ ಕಾಣುತ್ತದೆ.

ಇದನ್ನೆಲ್ಲ ನಾನು ಆ ದಿನ ಅಂಗಡಿಯಲ್ಲಿ ಯೋಚಿಸಲಿಲ್ಲ. ಅಲ್ಲಿ ಆದದ್ದು ಇಷ್ಟೇ. ಅತ್ತೆ ಸೀರೆಯನ್ನು ಮಡಚಿ ಪಕ್ಕಕ್ಕಿಟ್ಟರು. ನಾವು ಮನೆಮಾತಿನಲ್ಲಿ ಮಾತಾಡುತ್ತಿದ್ದದ್ದು ಕೇಳಿ ಬಿಡಿಸಿ ತೋರಿಸುತ್ತಿದ್ದ ಹುಡುಗಿ ನಕ್ಕಳು. “ನಾವೂ ಕನ್ನಡವೇ ಅಕ್ಕಾ, ಬೋಡಿ ಕಡೆ” ಅಂದಳು. ಅತ್ತೆಗೆ ಸ್ಟೂಲು ಎಳೆದುಕೊಟ್ಟು, “ಕೂತ್ಕೊಂಡು ನೋಡಿ ಅಜ್ಜಿ” ಅಂದಳು. ಬೆಳಿಗ್ಗೆ ಒಂಬತ್ತೂವರೆಯಿಂದ ನಿಂತೇ ಇದ್ದಾಳಂತೆ. ಅಂಗಡಿಯಲ್ಲಿ ಕೆಲಸ ಮಾಡುವವರಿಗೆ ಕೂರಲು ಆಸನ ಕೊಡಬೇಕು ಅಂತ ತಮಿಳುನಾಡು 2021ರಲ್ಲೇ ಕಾಯಿದೆ ತಿದ್ದಿತು. ಅದಕ್ಕೂ ಮೊದಲು 2010ರಲ್ಲಿ ವಸಂತಬಾಲನ್ ಅವರ ‘ಅಂಗಾಡಿ ತೆರು’ ಚಿತ್ರ ನೋಡಿ ನಾವೆಲ್ಲ ಕಣ್ಣೊರೆಸಿಕೊಂಡು, ಆಮೇಲೆ ಅಂಥದೇ ಅಂಗಡಿಗೆ ಹೋಗಿ ದೀಪಾವಳಿ ಬಟ್ಟೆ ತಂದಿದ್ದೆವು. ಆ ಮಹಡಿಯಲ್ಲಿ ಇದ್ದ ಒಂದೇ ಸ್ಟೂಲು ಗಿರಾಕಿಯದು.

ಅತ್ತೆ ಅವಳನ್ನು, “ಇಂಥದ್ದು ಮಾರಿದರೆ ನಿನಗೇನು ಬರುತ್ತಮ್ಮ?” ಅಂತ ಕೇಳಿದರು. ಸಂಬಳ ಒಂದೇ, ಪೀಸಿನ ಮೇಲೆ ಏನೂ ಇಲ್ಲ ಅಂದಳು. ಅತ್ತೆ ಸ್ವಲ್ಪ ಹೊತ್ತು ಕೂತು, ತಮ್ಮ ಸೀರೆ ಬಿಟ್ಟು ಬೇರೆ ಮೂರು ಸೀರೆ ಆರಿಸಿದರು. ಆ ಹಸಿರು ಸೀರೆಯನ್ನು ನಾನು ತೆಗೆದುಕೊಂಡೆ. ₹1,943.50 ಆಗಿತ್ತು, ಚಿಲ್ಲರೆ ಇಲ್ಲ ಅಂತ ₹1,944 ತೆಗೆದುಕೊಂಡರು. ಚೀಟಿಯನ್ನು ವಾಚನಾಲಯದ ಮೇಜಿನ ಗಾಜಿನ ಕೆಳಗೆ ಇಟ್ಟಿದ್ದೇನೆ, ಬಂದವರು ನೋಡಬಹುದು. ಸೀರೆಯನ್ನು ಇನ್ನೂ ಉಟ್ಟಿಲ್ಲ.